ಕಾರ್ಡ್ ವೇಗದ್ದೇ, ಕಾಪಿ ಯಾಕೆ ನಿಧಾನ?

ಮೆಮೊರಿ ಕಾರ್ಡ್ ಮತ್ತು ಯುಎಸ್‌ಬಿ ಕಾರ್ಡ್ ರೀಡರ್ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಕಂತಿನಲ್ಲಿ ಉತ್ತರ. ಲೆಕ್ಕ ತಪ್ಪದಿರಲೆಂದು ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಕೆಳಗೆ 90, 150 ಎಂದು ಬರೀ ಅಂಕಿ ಬಂದರೆ ಅದು ಸೆಕೆಂಡಿಗೆ ಇಷ್ಟು ಎಂಬಿ, ಅಂದರೆ ಮೆಗಾಬೈಟ್, ಎಂದೇ ಅರ್ಥ. ಯುಎಸ್‌ಬಿ ಸಾಮಾನುಗಳ ಡಬ್ಬಿಯ ಮೇಲಿರುವುದು ಮೆಗಾಬಿಟ್ ಇಲ್ಲವೇ ಗಿಗಾಬಿಟ್. ಅದನ್ನು 8ರಿಂದ ಭಾಗಿಸಿದರೆ ಬೈಟ್ ಲೆಕ್ಕ ಸಿಗುತ್ತದೆ.

ಪ್ರಶ್ನೆ: ನನ್ನ 64 ಜಿಬಿ ಕಾರ್ಡಿನ ಮೇಲೆ 170 ಎಂಬಿ ಎಂದು ಅಚ್ಚಾಗಿದೆ. ಕಂಪ್ಯೂಟರ್‌ಗೆ ವಿಡಿಯೊ ಇಳಿಸುವಾಗ ಮಾತ್ರ 38 ದಾಟುವುದೇ ಇಲ್ಲ. ಕಾರ್ಡ್ ನಕಲಿಯೇ?

ಉತ್ತರ: ನಕಲಿ ಇರಬಹುದು, ಆದರೆ ನಿಮ್ಮ ಅಂಕಿ ನೋಡಿದರೆ ಅನುಮಾನ ಬೇರೆ ಕಡೆಗೇ ಹೋಗುತ್ತದೆ. 35ರಿಂದ 40ರ ನಡುವೆ ಗೆರೆ ಎಳೆದ ಹಾಗೆ ನಿಂತುಬಿಡುವುದು ಯುಎಸ್‌ಬಿ 2.0ರ ಗುರುತು. ಕಾಗದದ ಮೇಲೆ ಅದರ ವೇಗ 480 ಮೆಗಾಬಿಟ್, ಅಂದರೆ 60 ಎಂಬಿ. ಸಂಪರ್ಕದ ನಿಯಮಗಳಿಗೇ ಒಂದಿಷ್ಟು ಖರ್ಚಾಗಿ ಕೈಗೆ ಸಿಗುವುದು ಹೆಚ್ಚೆಂದರೆ 40ರ ಆಸುಪಾಸು. ಕಾರ್ಡ್ ಎಷ್ಟೇ ಚುರುಕಾಗಿದ್ದರೂ ಈ ಬಾಗಿಲಿನಿಂದ ಅದಕ್ಕಿಂತ ಹೆಚ್ಚು ಹೊರಬರದು.

ಫೈಲ್ ಒಂದು ಐದು ಘಟ್ಟ ದಾಟಿ ಬರುತ್ತದೆ: ಕಾರ್ಡ್, ರೀಡರ್, ಕೇಬಲ್, ಪೋರ್ಟ್, ಕೊನೆಗೆ ಅದು ಹೋಗಿ ಕೂರುವ ಡಿಸ್ಕ್. ಐದರಲ್ಲಿ ಯಾವುದು ಅತಿ ನಿಧಾನವೋ ಅದರದ್ದೇ ವೇಗ ನಿಮಗೆ ಸಿಗುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಹುಳುಕು ಯಾವ ಘಟ್ಟದಲ್ಲಿದೆ ಎಂದು ಹುಡುಕಬೇಕು. ಅಂಕಿಯೇ ಅರ್ಧ ಉತ್ತರ ಹೇಳುತ್ತದೆ. 20–23ಕ್ಕೆ ನಿಂತರೆ ರೀಡರ್ ಎಸ್‌ಡಿಯ ಹಳೆಯ ಹೈಸ್ಪೀಡ್ ವಿಧಾನದಲ್ಲೇ ಓಡುತ್ತಿದೆ, ಅದರ ಮಿತಿ 25. 35–40 ಎಂದರೆ ಯುಎಸ್‌ಬಿ 2.0. ಯುಎಚ್‌ಎಸ್ ಎಂಬುದು ಎಸ್‌ಡಿ ಕಾರ್ಡ್‌ಗಳ ವೇಗದ ಸಂಪರ್ಕ ವಿಧಾನ, 1ಕ್ಕಿಂತ 2 ಚುರುಕು. 85–95 ಬಂದರೆ ಯುಎಚ್‌ಎಸ್-1 ಕಾರ್ಡ್ ತನ್ನ ನಿಯಮದೊಳಗಿನ ಪೂರ್ತಿ ವೇಗ ಕೊಡುತ್ತಿದೆ. 250ರ ಮೇಲೆ ಹೋದರೆ ಯುಎಚ್‌ಎಸ್-2.

ಈಗ ನಿಮ್ಮ ರೀಡರ್‌ನ ಪ್ಲಗ್ಗಿನ ಬಾಯೊಳಗೆ ಇಣುಕಿ ನೋಡಿ. ಮುಂದೆ ನಾಲ್ಕು ಉದ್ದನೆಯ ಚಿನ್ನದ ಪಟ್ಟಿ ಮಾತ್ರ ಇದ್ದರೆ ಅದು 2.0. ಹಿಂದೆ ಇನ್ನೂ ಐದು ಪುಟ್ಟ ಸಂಪರ್ಕಗಳು ಕಂಡರೆ, ಒಟ್ಟು ಒಂಬತ್ತಾದರೆ, 3.0. ನೀಲಿ ಬಣ್ಣವನ್ನು ನಂಬಬೇಡಿ. ನೀಲಿ ಪ್ಲಾಸ್ಟಿಕ್ ಹಾಕಬೇಕೆಂಬ ಕಡ್ಡಾಯವೂ ಇಲ್ಲ, ಹಾಕಿದ್ದೆಲ್ಲ 3.0 ಎಂಬ ಖಾತರಿಯೂ ಇಲ್ಲ. ರೀಡರ್ ಸರಿಯಿದ್ದರೆ ಕಂಪ್ಯೂಟರಿನ ಪೋರ್ಟಿನಲ್ಲೂ ಹೀಗೇ ಒಂಬತ್ತಿವೆಯೇ ನೋಡಿ. ಸಿ ಮಾದರಿಯ ರೀಡರ್‌ಗೆ ಬೇರೆ ಕೇಬಲ್ ಬಳಸುತ್ತಿದ್ದರೆ ಮೊದಲ ಅನುಮಾನ ಅದರ ಮೇಲಿರಲಿ. ಫೋನ್ ಚಾರ್ಜರ್ ಜೊತೆ ಬರುವ ಸಿ ಕೇಬಲ್‌ಗಳಲ್ಲಿ ಬಹುಪಾಲಿಗೆ 2.0ರ ತಂತಿಗಳಷ್ಟೇ ಇರುತ್ತವೆ. ಎರಡೂ ತುದಿ ಹೊಸ ಆಕಾರದ್ದಾದ ಮಾತ್ರಕ್ಕೆ ಒಳಗಿನ ತಂತಿ ಹೊಸದಾಗುವುದಿಲ್ಲ.

ಎಲ್ಲವೂ 3.0 ಆಗಿದ್ದೂ 38ಕ್ಕೇ ನಿಂತರೆ? ರೀಡರನ್ನು ಕಿತ್ತು, ಒಂದೇ ತಳ್ಳಿಗೆ ಗಟ್ಟಿಯಾಗಿ ಚುಚ್ಚಿ. ತಮಾಷೆಯಲ್ಲ. ಎ ಮಾದರಿಯ, ಅಂದರೆ ಹಳೆಯ ಆಯತಾಕಾರದ, ಪ್ಲಗ್ಗನ್ನು ನಿಧಾನಕ್ಕೆ ತಳ್ಳಿದರೆ ಹಳೆಯ ನಾಲ್ಕು ಸಂಪರ್ಕಗಳು ಮೊದಲು ತಾಗುತ್ತವೆ. ಕಂಪ್ಯೂಟರ್ ಅಷ್ಟರಲ್ಲೇ ಇದು 2.0 ಎಂದು ತೀರ್ಮಾನಿಸಿ, ಆಮೇಲೆ ಉಳಿದ ಐದು ತಾಗಿದರೂ ಅದೇ ವೇಗದಲ್ಲಿ ಉಳಿದುಬಿಡುವುದುಂಟು.

ಯಾವ ವೇಗದಲ್ಲಿ ಸಂಪರ್ಕವಾಗಿದೆ ಎಂಬುದನ್ನು ಕಂಪ್ಯೂಟರ್‌ನಲ್ಲೇ ನೋಡಬಹುದು. ಮ್ಯಾಕ್‌ನಲ್ಲಿ ಸಿಸ್ಟಮ್ ಇನ್ಫರ್ಮೇಶನ್ ತೆರೆದು ಯುಎಸ್‌ಬಿ ವಿಭಾಗದಲ್ಲಿ ರೀಡರ್ ಮೇಲೆ ಒತ್ತಿದರೆ 480 ಮೆಗಾಬಿಟ್ಟೋ 5 ಗಿಗಾಬಿಟ್ಟೋ ಎಂದು ಬರೆದಿರುತ್ತದೆ. ಲಿನಕ್ಸ್‌ನಲ್ಲಿ ‘ಎಲ್‌ಎಸ್‌ಯುಎಸ್‌ಬಿ’ ಆದೇಶವನ್ನು ‘-ಟಿ’ ಸೇರಿಸಿ ಕೊಟ್ಟರೆ ಸಾಲಿನ ಕೊನೆಗೆ 480 ಅಥವಾ 5000 ಮೆಗಾಬಿಟ್ ಎಂದು ಕಾಣುತ್ತದೆ. ವಿಂಡೋಸ್‌ನಲ್ಲಿ ಅಳೆದು ನೋಡುವುದೇ ಸುಲಭ. 4–5 ಜಿಬಿಯ ಒಂದೇ ಒಂದು ವಿಡಿಯೊ ಫೈಲನ್ನು ಕಾರ್ಡಿನಿಂದ ಕಂಪ್ಯೂಟರ್‌ಗೆ ಇಳಿಸಿ, ಪೋರ್ಟ್ ಬದಲಿಸಿ ಮತ್ತೆ ಇಳಿಸಿ, ರೀಡರ್ ಬದಲಿಸಿ ಮತ್ತೊಮ್ಮೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪ್ರತಿ ಸಲವೂ ಕಾರ್ಡನ್ನು ಹೊರತೆಗೆದು ಹಾಕಬೇಕು. ಇಲ್ಲದಿದ್ದರೆ ಆಗಲೇ ಓದಿದ ಫೈಲನ್ನು ಕಂಪ್ಯೂಟರ್ ತನ್ನ ರ‍್ಯಾಮಿನಿಂದಲೇ ಎತ್ತಿಕೊಟ್ಟು, ಇಲ್ಲದ ವೇಗ ತೋರಿಸುತ್ತದೆ.

ಪ್ರಶ್ನೆ: ಅಂಗಡಿಯಲ್ಲಿ ಒಂದು ರೀಡರ್ ಮೇಲೆ 3.0, ಇನ್ನೊಂದರ ಮೇಲೆ 3.1 ಜೆನ್ 1, ಮತ್ತೊಂದರ ಮೇಲೆ 3.2 ಜೆನ್ 1 ಎಂದಿದೆ. ಯಾವುದು ಹೆಚ್ಚು ವೇಗ?

ಉತ್ತರ: ಅಳಿಯ ಅಲ್ಲ, ಮಗಳ ಗಂಡ. ಮೂರೂ ಅದೇ 5 ಗಿಗಾಬಿಟ್ಟಿನ ಸಂಪರ್ಕ. 2008ರಲ್ಲಿ 3.0 ಎಂದು ಬಂದದ್ದಕ್ಕೆ ಆಮೇಲೆ ಎರಡು ಸಲ ಹೆಸರು ಬದಲಾಯಿತು, ಅಷ್ಟೆ. ಜೆನ್ 2 ಎಂದಿದ್ದರೆ ಮಾತ್ರ 10 ಗಿಗಾಬಿಟ್. ಎಸ್‌ಡಿ ಕಾರ್ಡಿಗೆ 5 ಗಿಗಾಬಿಟ್ ಧಾರಾಳ ಸಾಕು, ಅದರಿಂದ 400ರವರೆಗೂ ಹಾಯುತ್ತದೆ, ಯುಎಚ್‌ಎಸ್-2 ಕಾರ್ಡಿನ ಮಿತಿಯೇ 312. 10 ಗಿಗಾಬಿಟ್ಟಿನ ರೀಡರ್ ಬೇಕಾಗುವುದು ದುಬಾರಿ ಕ್ಯಾಮೆರಾಗಳ ಇನ್ನೂ ವೇಗದ ಸಿಎಫ್‌ಎಕ್ಸ್‌ಪ್ರೆಸ್ ಕಾರ್ಡ್ ಬಳಸುವವರಿಗೆ.

ಪ್ರಶ್ನೆ: ನಿಮ್ಮಂಥವರ ಮಾತು ಕೇಳಿಯೇ ಯುಎಚ್‌ಎಸ್-2 ರೀಡರ್ ಕೊಂಡೆ. ನನ್ನ ಕಾರ್ಡ್ ಹಿಂದಿನಂತೆಯೇ 90ರಲ್ಲಿ ಓಡುತ್ತಿದೆ. ಈಗ ಕಾರ್ಡನ್ನೂ ಬದಲಿಸಬೇಕೇ?

ಉತ್ತರ: ಕಾರ್ಡನ್ನು ಮಗುಚಿ ನೋಡಿ. ಹಿಂಭಾಗದಲ್ಲಿ ಚಿನ್ನದ ಸಂಪರ್ಕಗಳು ಒಂದೇ ಸಾಲಿನಲ್ಲಿದ್ದರೆ ಯುಎಚ್‌ಎಸ್-1, ಕೆಳಗೆ ಇನ್ನೊಂದು ಸಾಲಿದ್ದರೆ ಯುಎಚ್‌ಎಸ್-2. 90ರಲ್ಲೇ ನಿಂತಿರುವುದನ್ನು ನೋಡಿದರೆ ನಿಮ್ಮದು ಒಂದೇ ಸಾಲಿನದ್ದಿರಬೇಕು. ಯುಎಚ್‌ಎಸ್-1ರ ನಿಯಮದ ಮಿತಿ 104, ಕೈಗೆ ಸಿಗುವುದು 95ರ ತನಕ. ಎರಡು ಸಾಲಿನ ರೀಡರ್‌ಗೆ ಒಂದು ಸಾಲಿನ ಕಾರ್ಡ್ ಹಾಕಿದರೆ ಎರಡನೆಯ ಸಾಲಿಗೆ ಕೆಲಸವೇ ಇಲ್ಲ. ಇದರ ಉಲ್ಟಾ ಕೂಡ ನಿಜ: ಯುಎಚ್‌ಎಸ್-2 ಕಾರ್ಡನ್ನು ಹಳೆಯ ರೀಡರ್‌ಗೆ ಹಾಕಿದರೆ ಅದು ತಗ್ಗಿ ಯುಎಚ್‌ಎಸ್-1 ಆಗಿಬಿಡುತ್ತದೆ. ಕೆಡುವುದೇನೂ ಇಲ್ಲ, ಕೊಟ್ಟ ದುಡ್ಡಿನ ವೇಗ ಮಾತ್ರ ಬರುವುದಿಲ್ಲ.

ಒಂದು ಸಾಲಿನ ಕಾರ್ಡಿನ ಮೇಲೂ 170, 200 ಎಂದು ಅಚ್ಚಾಗಿರುವುದು ಹೇಗೆ ಎಂದು ನೀವು ಕೇಳುವುದು ನ್ಯಾಯ. ಅದು ಆಯಾ ಕಂಪನಿಗಳು ಎಸ್‌ಡಿ ನಿಯಮದ ಆಚೆಗೆ ತಾವೇ ಮಾಡಿಕೊಂಡ ಏರ್ಪಾಡು. ಅದಕ್ಕೆ ತಕ್ಕ ರೀಡರ್ ಇದ್ದರೆ ಮಾತ್ರ ಆ ಅಂಕಿ ಬರುತ್ತದೆ. ಡಬ್ಬಿಯ ಹಿಂದೆ ಸಣ್ಣಕ್ಷರದಲ್ಲಿ ‘ಹೊಂದುವ ರೀಡರ್ ಜೊತೆ’ ಎಂದೇ ಬರೆದಿರುತ್ತಾರೆ. ಬೇರೆ ರೀಡರ್, ಅದು ಎಷ್ಟೇ ದುಬಾರಿಯದ್ದಾಗಿರಲಿ, 90ರಲ್ಲೇ ಓದುತ್ತದೆ. ನಿಮ್ಮ ಕಾರ್ಡಿನ ಮೇಲೂ ಅಂಥ ದೊಡ್ಡ ಅಂಕಿ ಇದ್ದರೆ, ಕಾರ್ಡ್ ಬದಲಿಸುವ ಮೊದಲು ಅದೇ ತಯಾರಕರ ರೀಡರ್ ಒಂದನ್ನು ಎರವಲು ತಂದು ಪರೀಕ್ಷಿಸಿ.

ಇನ್ನು ಬದಲಿಸುವುದೇ ಬೇಡವೇ ಎಂಬುದಕ್ಕೆ ಲೆಕ್ಕವೇ ಉತ್ತರ. ತುಂಬಿದ 64 ಜಿಬಿ ಕಾರ್ಡ್ ಖಾಲಿ ಮಾಡಲು 38ರ ವೇಗದಲ್ಲಿ 28 ನಿಮಿಷ, 90ರಲ್ಲಿ 12 ನಿಮಿಷ, 250ರಲ್ಲಿ ನಾಲ್ಕೂಕಾಲು ನಿಮಿಷ. 28ರಿಂದ 12ಕ್ಕೆ ಇಳಿಯುವುದು ಬರೀ ರೀಡರ್ ಬದಲಿಸಿದರೆ ಆಗುವ ಕೆಲಸ. 12ರಿಂದ ನಾಲ್ಕಕ್ಕೆ ಇಳಿಯಲು ಕಾರ್ಡೂ ರೀಡರೂ ಎರಡೂ ಬೇಕು, ಜೊತೆಗೆ ಬರೆಸಿಕೊಳ್ಳುವ ಡಿಸ್ಕ್ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಚಿಪ್ಪಿನ ಡಿಸ್ಕ್, ಆಗಿರಬೇಕು. ಲ್ಯಾಪ್‌ಟಾಪಿನ ಹಳೆಯ ತಿರುಗುವ ಹಾರ್ಡ್ ಡಿಸ್ಕ್ 100ರ ಆಚೀಚೆಗೇ ಏದುಸಿರು ಬಿಡುತ್ತದೆ. ದಿನಕ್ಕೆ ಎರಡು ಮೂರು ಕಾರ್ಡ್ ಇಳಿಸುವ ವಿಡಿಯೊದವರಿಗೆ ಈ ಖರ್ಚು ಸಾರ್ಥಕ. ವಾರಕ್ಕೊಮ್ಮೆ ಇಳಿಸುವವರು ಆ 12 ನಿಮಿಷವನ್ನು ಸಹಿಸಿಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ.

ಇದೇ ಜಾಗದಲ್ಲಿ ಹೇಳಬೇಕಾದ ಇನ್ನೊಂದು: ಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಜಾತಿಯ ರೀಡರ್ ಕೊಂಡರೆ ಯುಎಚ್‌ಎಸ್-2 ಕಾರ್ಡ್ ಇನ್ನೂ ಚುರುಕಾದೀತು ಎಂದು ಎಣಿಸಬೇಡಿ. ಎಕ್ಸ್‌ಪ್ರೆಸ್ ಎರಡನೆಯ ಸಾಲಿನ ಜಾಗವನ್ನು ಬೇರೆ ಕೆಲಸಕ್ಕೆ ಬಳಸುತ್ತದೆ. ಆದ್ದರಿಂದ ಯುಎಚ್‌ಎಸ್-2 ಕಾರ್ಡ್ ಅದರಲ್ಲಿ ಯುಎಚ್‌ಎಸ್-1ಕ್ಕೆ ಇಳಿಯುತ್ತದೆ.

ಪ್ರಶ್ನೆ: ಕಾರ್ಡಿನ ಮೇಲೆ 10 ಬರೆದ ಸಿ, 3 ಬರೆದ ಯು, ವಿ30, ಎ2 ಎಂದು ಗುರುತುಗಳೋ ಗುರುತುಗಳು. ಓದುವಾಗ 90 ಬಂದರೂ ಬರೆಯುವಾಗ 35 ದಾಟುವುದಿಲ್ಲ. ಈ ಗುರುತುಗಳಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ. ದೊಡ್ಡಕ್ಷರದ ಅಂಕಿ ಓದುವ ವೇಗದ್ದು, ಅದೂ ‘ಇಲ್ಲಿಯವರೆಗೆ ಹೋಗಬಹುದು’ ಎಂಬ ಲೆಕ್ಕದ್ದು. ಈ ಪುಟ್ಟ ಗುರುತುಗಳು ಬರೆಯುವ ವೇಗ ಇಷ್ಟಕ್ಕಿಂತ ಕೆಳಗೆ ಬೀಳದು ಎಂಬ ಮಾತು. ಸಿ10 ಮತ್ತು ಯು1 ಎಂದರೆ ಕನಿಷ್ಠ 10, ಯು3 ಮತ್ತು ವಿ30 ಎಂದರೆ ಕನಿಷ್ಠ 30, ವಿ60 ಮತ್ತು ವಿ90 ಹೆಸರೇ ಹೇಳುವಂತೆ 60 ಮತ್ತು 90. ನಿಮ್ಮ ಕಾರ್ಡ್ 30ರ ಮಾತು ಕೊಟ್ಟು 35 ನಡೆಸುತ್ತಿದೆ, ಕೊಟ್ಟ ಮಾತಿಗೆ ತಪ್ಪಿಲ್ಲ.

ಎ1, ಎ2 ಬೇರೆಯೇ ಸಂಗತಿ. ಅವು ಫೋನಿನಲ್ಲಿ ಆ್ಯಪ್ ಓಡಿಸಲು ಬೇಕಾದ, ಅಲ್ಲಲ್ಲಿ ಚೂರು ಚೂರು ಓದಿ ಬರೆಯುವ ಸಾಮರ್ಥ್ಯವನ್ನು ಹೇಳುತ್ತವೆ. ಎ1ಕ್ಕೆ ಸೆಕೆಂಡಿಗೆ 1,500 ಓದು, 500 ಬರಹ. ಎ2ಕ್ಕೆ 4,000 ಮತ್ತು 2,000. ಎ2ರ ಪೂರ್ತಿ ಫಲ ಸಿಗಬೇಕಾದರೆ ಆದೇಶಗಳನ್ನು ಸರದಿಯಲ್ಲಿಟ್ಟು ಕಳಿಸುವ ವ್ಯವಸ್ಥೆ ಕಾರ್ಡ್ ಹಾಕಿದ ಉಪಕರಣದಲ್ಲೂ ಇರಬೇಕು. ಯುಎಸ್‌ಬಿ ರೀಡರ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ವಿಡಿಯೊ ಇಳಿಸುವುದಕ್ಕಷ್ಟೇ ಕಾರ್ಡ್ ಬೇಕಿದ್ದರೆ ಎ ಗುರುತನ್ನು ನೋಡಲೇಬೇಡಿ.

ಪ್ರಶ್ನೆ: ಪೆನ್ ಡ್ರೈವ್‌ಗೆ 20 ಜಿಬಿ ಹಾಕುವಾಗ ಮೊದಲು 200ರಲ್ಲಿ ಹಾರುತ್ತದೆ, ಸ್ವಲ್ಪ ಹೊತ್ತಿಗೆ 15ಕ್ಕೆ ಕುಸಿಯುತ್ತದೆ. ಕೆಲವೊಮ್ಮೆ ನೂರಕ್ಕೆ ನೂರು ತೋರಿಸಿ ಅಲ್ಲೇ ಕಲ್ಲಿನಂತೆ ಕೂತುಬಿಡುತ್ತದೆ.

ಉತ್ತರ: ಇಲ್ಲಿ ಎರಡು ಕಡೆ ಕಣ್ಕಟ್ಟು ನಡೆಯುತ್ತಿದೆ.

ಮೊದಲನೆಯದು ಕಂಪ್ಯೂಟರಿನದು. ನೀವು ಕಾಪಿ ಕೊಟ್ಟೊಡನೆ ಅದು ಫೈಲನ್ನು ರ‍್ಯಾಮಿಗೆ ತುಂಬಿಕೊಂಡು ‘ಆಯಿತು, ಆಯಿತು’ ಎನ್ನುತ್ತಾ ಹೋಗುತ್ತದೆ. ಡ್ರೈವ್‌ಗೆ ನಿಜವಾಗಿ ಬರೆಯುವ ಕೆಲಸ ಹಿಂದೆ ನಿಧಾನಕ್ಕೆ ಸಾಗಿರುತ್ತದೆ. ರ‍್ಯಾಮಿನಲ್ಲಿ ಅದಕ್ಕೆ ಕೊಟ್ಟ ಜಾಗ ತುಂಬಿದ ಕೂಡಲೇ ನಿಜವಾದ ವೇಗ ಹೊರಬೀಳುತ್ತದೆ. ನೂರಕ್ಕೆ ನೂರರಲ್ಲಿ ಕೂರುವುದೂ ಇದರಿಂದಲೇ, ರ‍್ಯಾಮಿನಲ್ಲಿ ಉಳಿದದ್ದನ್ನು ಇಳಿಸುತ್ತಿರುತ್ತದೆ. ಲಿನಕ್ಸ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಅಲ್ಲಿ ಕಾಪಿಯ ಕಿಟಕಿ ಮುಚ್ಚಿದ ಮೇಲೆ ‘ಸಿಂಕ್’ ಆದೇಶ ಕೊಟ್ಟು, ಅದು ಮರಳಿ ಬರುವವರೆಗೆ ಕಾಯುವುದು ಒಳ್ಳೆಯ ಅಭ್ಯಾಸ.

ಎರಡನೆಯ ಕಣ್ಕಟ್ಟು ಡ್ರೈವಿನದೇ. ಅಗ್ಗದ ಫ್ಲ್ಯಾಶ್ ಚಿಪ್ಪಿನ ಒಂದೊಂದು ಕೋಶದಲ್ಲಿ ಮೂರು ಅಥವಾ ನಾಲ್ಕು ಬಿಟ್ ತುರುಕುತ್ತಾರೆ, ಹಾಗೆ ಬರೆಯುವುದು ನಿಧಾನ. ಅದನ್ನು ಮುಚ್ಚಿಡಲು ಒಂದಷ್ಟು ಜಾಗದಲ್ಲಿ ಕೋಶಕ್ಕೆ ಒಂದೇ ಬಿಟ್‌ನಂತೆ ಸರಸರನೆ ಬರೆದು, ಬಿಡುವಾದಾಗ ಅದನ್ನು ಒಳಗಿನ ದಟ್ಟ ಜಾಗಕ್ಕೆ ಸಾಗಿಸುತ್ತಾರೆ. ಆ ಅಂಗಳ ಭರ್ತಿಯಾದ ಮೇಲೆ ನೀವು ಕಾಣುವುದೇ 15. ಇದಕ್ಕೆ ಸಾಫ್ಟ್‌ವೇರ್ ಮದ್ದಿಲ್ಲ. ಒಮ್ಮೆಗೆ 20 ಜಿಬಿ ಸುರಿಯುವ ಅಗತ್ಯ ಪದೇ ಪದೇ ಬರುವುದಾದರೆ ಪೆನ್ ಡ್ರೈವ್ ಬಿಟ್ಟು ಪುಟ್ಟ ಎಸ್‌ಎಸ್‌ಡಿಗೆ ಹೋಗುವುದೇ ಸರಿ.

ವಿಂಡೋಸ್‌ನಲ್ಲಿ ಒಂದು ಆಯ್ಕೆ ಇದೆ. ಡಿವೈಸ್ ಮ್ಯಾನೇಜರ್ ತೆರೆದು ಡಿಸ್ಕ್ ಡ್ರೈವ್ಸ್ ಕೆಳಗೆ ನಿಮ್ಮ ಡ್ರೈವನ್ನು ಎರಡು ಸಲ ಒತ್ತಿ, ಪಾಲಿಸೀಸ್ ಪುಟಕ್ಕೆ ಹೋಗಿ. ಅಲ್ಲಿ ‘ಕ್ವಿಕ್ ರಿಮೂವಲ್’ ಬದಲು ‘ಬೆಟರ್ ಪರ್ಫಾರ್ಮೆನ್ಸ್’ ಆರಿಸಿದರೆ ಬರೆಯುವ ಕೆಲಸವನ್ನು ಗುಡ್ಡೆ ಹಾಕಿಕೊಂಡು ಮಾಡುತ್ತದೆ, ಸಣ್ಣ ಫೈಲ್‌ಗಳಿರುವಾಗ ಅನುಕೂಲ. ವಿಂಡೋಸ್ 10ರ 1809ನೇ ಆವೃತ್ತಿಯಿಂದ ಮೊದಲನೆಯದೇ ತಾನಾಗಿ ಬರುವ ಆಯ್ಕೆ. ಎರಡನೆಯದಕ್ಕೆ ಬದಲಿಸಿಕೊಂಡರೆ ಮಾತ್ರ ಒಂದು ಕರಾರು: ಇಜೆಕ್ಟ್ ಕೊಡದೆ ಡ್ರೈವ್ ಕೀಳುವಂತಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಬರೆಯುವ ನಡುವೆ ಎಳೆದರೆ ಹೋಗುವುದು ಆ ಒಂದು ಫೈಲ್ ಮಾತ್ರವಲ್ಲ, ಯಾವ ಫೈಲ್ ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು.

ಪ್ರಶ್ನೆ: 8 ಜಿಬಿಯ ಒಂದು ಸಿನಿಮಾ ಕಾರ್ಡಿಗೆ ಹತ್ತು ನಿಮಿಷದೊಳಗೆ ಹೋಗುತ್ತದೆ. ಅಷ್ಟೇ 8 ಜಿಬಿಯ ಫೋಟೊ ಫೋಲ್ಡರ್‌ಗೆ ಒಂದೂವರೆ ಗಂಟೆ. ಅದರಲ್ಲಿ 40,000 ಫೈಲ್‌ಗಳಿವೆ. ತೂಕ ಒಂದೇ ಅಲ್ಲವೇ?

ಉತ್ತರ: ತೂಕ ಒಂದೇ, ಮೂಟೆಗಳು 40,000. ಪ್ರತಿ ಫೈಲಿಗೂ ಹೆಸರು ಬರೆಯಬೇಕು, ದಿನಾಂಕ ಬರೆಯಬೇಕು, ಜಾಗ ಹಂಚಿಕೆಯ ಪಟ್ಟಿ ತಿದ್ದಬೇಕು. ಇವೆಲ್ಲ ಕಾರ್ಡಿನ ಬೇರೆ ಬೇರೆ ಮೂಲೆಗಳಲ್ಲಿ ಆಗುವ ಪುಟ್ಟ ಬರಹಗಳು. ಫ್ಲ್ಯಾಶ್ ಚಿಪ್ಪಿನಲ್ಲಿ ಒಂದು ಅಕ್ಷರ ತಿದ್ದಬೇಕಾದರೂ ದೊಡ್ಡ ತುಂಡೊಂದನ್ನೇ ಅಳಿಸಿ ಬರೆಯಬೇಕು, ಕಾರ್ಡಿನ ಒಳಗಿನ ನಿಯಂತ್ರಕ ಅದನ್ನು ಹೊಂದಿಸುವಷ್ಟರಲ್ಲಿ ಸುಸ್ತು. ಫೈಲಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಹೋದರೂ 40,000ಕ್ಕೆ 4,000 ಸೆಕೆಂಡು, ಒಂದು ಗಂಟೆ ಏಳು ನಿಮಿಷ ಅಲ್ಲಿಗೇ ಮುಗಿಯಿತು. ಕಾರ್ಡಿನಿಂದ ಓದುವಾಗ ಈ ತೊಂದರೆ ಇಷ್ಟಿರುವುದಿಲ್ಲ ಎಂಬುದನ್ನೂ ಗಮನಿಸಿ.

ಮದ್ದು ಸರಳ, 40,000 ಮೂಟೆಗಳನ್ನು ಒಂದೇ ಮೂಟೆ ಮಾಡಿ. ಫೋಲ್ಡರನ್ನು ಕಂಪ್ಯೂಟರಿನ ಡಿಸ್ಕಿನಲ್ಲೇ ಜಿಪ್ ಅಥವಾ ಟಾರ್ ಮಾಡಿ, ಆ ಒಂದು ಫೈಲನ್ನು ಕಾರ್ಡಿಗೆ ಹಾಕಿ. ಸೆವೆನ್-ಜಿಪ್‌ನಂಥ ತಂತ್ರಾಂಶದಲ್ಲಿ ಕುಗ್ಗಿಸುವ ಮಟ್ಟವನ್ನು ‘ಸ್ಟೋರ್’ ಎಂದಿಡಿ. ಜೆಪೆಗ್ ಚಿತ್ರ ಆಗಲೇ ಕುಗ್ಗಿದ್ದು, ಅದನ್ನು ಮತ್ತೆ ಹಿಂಡಿದರೆ ಸಮಯ ಹಾಳಾಗುತ್ತದೆಯೇ ಹೊರತು ರಸ ಬರುವುದಿಲ್ಲ. ಒಂದು ಎಚ್ಚರ: ಕಾರ್ಡ್ ಎಫ್‌ಎಟಿ32 ಎಂಬ ಹಳೆಯ ಫೈಲ್ ವ್ಯವಸ್ಥೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ಆಗ 3 ಜಿಬಿಯ ತುಂಡುಗಳಾಗಿ ಒಡೆಯುವಂತೆ ಹೇಳಿ.

ಜಿಪ್ ಬೇಡ, ಫೋಟೊಗಳು ಬಿಡಿಬಿಡಿಯಾಗಿಯೇ ಇರಬೇಕು ಎಂದಾದರೆ ಮೇಲೆ ಹೇಳಿದ ‘ಬೆಟರ್ ಪರ್ಫಾರ್ಮೆನ್ಸ್’ ಸ್ವಲ್ಪ ಸಹಾಯ ಮಾಡುತ್ತದೆ. ಕಾಪಿ ನಡೆಯುವಾಗ ಅದೇ ಫೋಲ್ಡರನ್ನು ದೊಡ್ಡ ಚಿತ್ರಗಳ ನೋಟದಲ್ಲಿ ತೆರೆದಿಡಬೇಡಿ. ಕಂಪ್ಯೂಟರ್ ಪ್ರತಿ ಫೋಟೊವನ್ನೂ ಓದಿ ಪುಟ್ಟ ಮುನ್ನೋಟದ ಚಿತ್ರ (ಥಂಬ್‌ನೇಲ್) ತಯಾರಿಸುತ್ತಾ ನಿಮ್ಮ ಕಾಪಿಗೇ ಅಡ್ಡ ಬರುತ್ತದೆ. ಆ್ಯಂಟಿವೈರಸ್ ಸಹ ಒಂದೊಂದು ಫೈಲನ್ನೂ ತೆರೆದು ನೋಡುತ್ತದೆ. ಅದನ್ನು ಪೂರ್ತಿ ನಿಲ್ಲಿಸಿ ಎಂದು ನಾವು ಹೇಳುವುದಿಲ್ಲ. ನಿಮ್ಮದೇ ಕ್ಯಾಮೆರಾದ ಕಾರ್ಡ್ ಎಂಬ ಖಾತರಿ ಇದ್ದರೆ ಆ ಒಂದು ಡ್ರೈವ್ ಅಕ್ಷರಕ್ಕೆ ಮಾತ್ರ ರಿಯಾಯಿತಿ ಕೊಡಬಹುದು.

ಪ್ರಶ್ನೆ: ಫೋನನ್ನೇ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ಜೋಡಿಸಿ ಅದರಲ್ಲಿರುವ ಕಾರ್ಡಿನ ಫೈಲ್ ತೆಗೆಯುತ್ತೇನೆ. ತುಂಬಾ ನಿಧಾನ.

ಉತ್ತರ: ಫೋನಿನಿಂದ ಕಾರ್ಡ್ ತೆಗೆದು ರೀಡರ್‌ಗೆ ಹಾಕಿ. ಆಂಡ್ರಾಯ್ಡ್ ಫೋನ್ ಕೇಬಲ್‌ನಲ್ಲಿ ಎಂಟಿಪಿ ಎಂಬ ವಿಧಾನದಿಂದ ಮಾತಾಡುತ್ತದೆ. ಅದು ಡಿಸ್ಕನ್ನು ನೇರವಾಗಿ ಕೈಗೆ ಕೊಡುವುದಿಲ್ಲ, ಒಂದೊಂದೇ ಫೈಲನ್ನು ಕೇಳಿ ಕೇಳಿ ಕೊಡುತ್ತದೆ. ಸಾವಿರಾರು ಫೋಟೊ ಇರುವ ಫೋಲ್ಡರ್ ತೆರೆಯುವುದಕ್ಕೇ ನಿಮಿಷಗಟ್ಟಲೆ ಹಿಡಿಯುತ್ತದೆ. ಮೇಲಾಗಿ ಸಿ ಆಕಾರದ ತೂತಿದ್ದರೂ ಒಳಗೆ ಯುಎಸ್‌ಬಿ 2.0 ಇಟ್ಟ ಫೋನ್‌ಗಳು ಬೇಕಾದಷ್ಟಿವೆ.

ತೆಗೆಯುವ ಮೊದಲು ಫೋನಿನ ಸ್ಟೋರೇಜ್ ಸೆಟ್ಟಿಂಗ್ ನೋಡಿ. ಕಾರ್ಡನ್ನು ‘ಇಂಟರ್ನಲ್ ಸ್ಟೋರೇಜ್’ ಆಗಿ ಸಿದ್ಧಪಡಿಸಿದ್ದರೆ ಅದು ಗೂಢಲಿಪಿಯಲ್ಲಿರುತ್ತದೆ, ಆ ಫೋನ್ ಬಿಟ್ಟು ಬೇರೆಲ್ಲೂ ಓದಲಾಗದು. ಕಂಪ್ಯೂಟರ್ ‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ಹೌದು ಎನ್ನಬೇಡಿ. ಅಂಥ ಕಾರ್ಡಿನಿಂದ ಕೇಬಲ್ ಮೂಲಕವೇ ತೆಗೆಯಬೇಕು, ಬೇರೆ ದಾರಿಯಿಲ್ಲ.

ಪ್ರಶ್ನೆ: ಫಾರ್ಮ್ಯಾಟ್ ಮಾಡುವಾಗ ಅಲೋಕೇಶನ್ ಯೂನಿಟ್ ಗಾತ್ರ ಹೆಚ್ಚಿಸಿದರೆ ವೇಗ ಹೆಚ್ಚುತ್ತದಂತೆ. ಎಷ್ಟಿಡಬೇಕು? ಎನ್‌ಟಿಎಫ್‌ಎಸ್ ಮಾಡಬಹುದೇ?

ಉತ್ತರ: ಅಲೋಕೇಶನ್ ಯೂನಿಟ್ ಎಂದರೆ ಫೈಲಿಗೆ ಒಮ್ಮೆಗೆ ಹಂಚುವ ಕನಿಷ್ಠ ಜಾಗ; ಎನ್‌ಟಿಎಫ್‌ಎಸ್, ಎಕ್ಸ್‌ಎಫ್‌ಎಟಿ ಎಂಬವು ಫೈಲ್ ಜೋಡಿಸಿಡುವ ವ್ಯವಸ್ಥೆಗಳು. ಇವಕ್ಕೆ ಕೈ ಹಾಕದಿರುವುದೇ ಲೇಸು. ಕ್ಯಾಮೆರಾದಲ್ಲಿ ಬಳಸುವ ಕಾರ್ಡನ್ನು ಆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಬೇರೆ ಕಾರ್ಡ್‌ಗಳಿಗೆ ಎಸ್‌ಡಿ ಅಸೋಸಿಯೇಶನ್ ಉಚಿತವಾಗಿ ಕೊಡುವ ‘ಎಸ್‌ಡಿ ಮೆಮೊರಿ ಕಾರ್ಡ್ ಫಾರ್ಮ್ಯಾಟರ್’ ಬಳಸಿ. ಕಾರ್ಡಿನ ಒಳಗಿನ ತುಂಡುಗಳ ಗಡಿಗೆ ಸರಿಯಾಗಿ ಫೈಲ್ ವ್ಯವಸ್ಥೆಯ ಗಡಿ ಕೂರಬೇಕು. ಗಡಿ ಜಾರಿದರೆ ಒಂದು ತುಂಡಿನಲ್ಲಿ ಮುಗಿಯುವ ಬರಹಕ್ಕೆ ಎರಡು ತುಂಡು ಮುಟ್ಟಬೇಕಾಗುತ್ತದೆ. ಆ ಫಾರ್ಮ್ಯಾಟರ್ ಈ ಗಡಿಯನ್ನು ನೋಡಿಕೊಳ್ಳುತ್ತದೆ.

ವಿಂಡೋಸ್‌ನಲ್ಲೇ ಮಾಡಬೇಕಾದರೆ 32 ಜಿಬಿಗಿಂತ ದೊಡ್ಡ ಕಾರ್ಡಿಗೆ ಎಕ್ಸ್‌ಎಫ್‌ಎಟಿ, ಗಾತ್ರ ಅದು ತಾನಾಗಿ ತೋರಿಸುವ 128 ಕಿಲೋಬೈಟ್. ಅದನ್ನು ಇನ್ನೂ ಏರಿಸಿದರೆ ದೊಡ್ಡ ವಿಡಿಯೊಗಳಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ, ಸಣ್ಣ ಫೈಲ್‌ಗಳಿದ್ದರೆ ಜಾಗ ದಂಡ. ಎನ್‌ಟಿಎಫ್‌ಎಸ್ ಮಾಡಿದ ಕಾರ್ಡನ್ನು ಕ್ಯಾಮೆರಾಗಳು ಗುರುತಿಸುವುದಿಲ್ಲ. ಅದು ಬದಲಾವಣೆಗಳ ದಿನಚರಿಯನ್ನೂ ಬರೆಯುತ್ತಾ ಹೋಗುವುದರಿಂದ ಕಾರ್ಡಿಗೆ ಪುಟ್ಟ ಬರಹಗಳು ಮತ್ತಷ್ಟು ಹೆಚ್ಚುತ್ತವೆ.

ಪ್ರಶ್ನೆ: ಒಂದು ಹಬ್‌ಗೆ ಎರಡು ರೀಡರ್ ಚುಚ್ಚಿ ಎರಡು ಕಾರ್ಡ್ ಒಟ್ಟಿಗೆ ಇಳಿಸಿದರೆ ಎರಡೂ ಅರ್ಧ ವೇಗಕ್ಕೆ ಬರುತ್ತವೆ. ಒಮ್ಮೊಮ್ಮೆ ನಡುವೆಯೇ ಸಂಪರ್ಕ ಕಡಿದು ‘ಡಿಸ್ಕ್ ಇಲ್ಲ’ ಎನ್ನುತ್ತದೆ.

ಉತ್ತರ: ಹಬ್‌ಗೆ ಎಷ್ಟು ಬಾಯಿ ಇದ್ದರೂ ಕಂಪ್ಯೂಟರ್ ಕಡೆಗೆ ಹೋಗುವ ಗಂಟಲು ಒಂದೇ. 2.0 ಹಬ್ ಆದರೆ ಆ 40ನ್ನು ಇಬ್ಬರೂ ಹಂಚಿಕೊಳ್ಳಬೇಕು. 3.0 ಹಬ್ ಆದರೆ ಎರಡು ಯುಎಚ್‌ಎಸ್-1 ಕಾರ್ಡ್‌ಗಳು ಆರಾಮಾಗಿ ಹಾಯುತ್ತವೆ. ಹಾಗಾಗಿ ನಿಮ್ಮದು 2.0 ಆಗಿರಬೇಕು, ಇಲ್ಲವೇ ಬರೆಸಿಕೊಳ್ಳುವ ಹಾರ್ಡ್ ಡಿಸ್ಕ್ ಎರಡು ಕಡೆಗೂ ಓಡಾಡಿ ದಣಿಯುತ್ತಿರಬೇಕು. ತಿರುಗುವ ಡಿಸ್ಕಿಗೆ ಇಳಿಸುವುದಾದರೆ ಒಂದಾದ ಮೇಲೊಂದು ಇಳಿಸಿ, ಒಟ್ಟು ಸಮಯ ಕಡಿಮೆಯೇ ಆಗುತ್ತದೆ.

ಕಡಿದುಹೋಗುವುದಕ್ಕೆ ಮೊದಲು ವಿದ್ಯುತ್ ನೋಡಿ. ಸ್ವಂತ ಅಡಾಪ್ಟರ್ ಇಲ್ಲದ ಹಬ್‌ನಲ್ಲಿ ಎರಡು ರೀಡರ್ ಜೊತೆಗೆ ಒಂದು ಹಾರ್ಡ್ ಡಿಸ್ಕೂ ಇದ್ದರೆ ಸಾಲದೆ ಹೋಗಬಹುದು. ಡೆಸ್ಕ್‌ಟಾಪ್ ಆಗಿದ್ದರೆ ಪೆಟ್ಟಿಗೆಯ ಹಿಂಬದಿಯ, ಮದರ್‌ಬೋರ್ಡಿಗೇ ಅಂಟಿದ ಪೋರ್ಟಿಗೆ ನೇರವಾಗಿ ಹಾಕಿ ನೋಡಿ. ಮುಂಭಾಗದ ಪೋರ್ಟುಗಳು ಒಳಗಿನ ಒಂದು ಕೇಬಲ್ ಮೂಲಕ ಬರುತ್ತವೆ, ಅದರ ಗುಣಮಟ್ಟ ಪೆಟ್ಟಿಗೆಯಿಂದ ಪೆಟ್ಟಿಗೆಗೆ ಬದಲು. ಆಮೇಲೆ ಕಾರ್ಡಿನ ಸಂಪರ್ಕಗಳು. ಬೆವರಿನ ಕೈ, ಧೂಳು ತಾಗಿ ಅವು ಮಂಕಾಗಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹನಿಸಿದ ಮೆತ್ತನೆ ಬಟ್ಟೆಯಿಂದ ಒರೆಸಿ ಚೆನ್ನಾಗಿ ಒಣಗಲು ಬಿಡಿ. ಮೈಕ್ರೊ ಎಸ್‌ಡಿಯನ್ನು ದೊಡ್ಡ ಅಡಾಪ್ಟರ್‌ನಲ್ಲಿ ಕೂರಿಸಿ ಬಳಸುತ್ತಿದ್ದರೆ ಆ ಅಡಾಪ್ಟರ್ ಬಿಟ್ಟು, ಮೈಕ್ರೊಗೇ ತೂತಿರುವ ರೀಡರ್ ಬಳಸಿ. ಸಡಿಲವಾದ ಅಡಾಪ್ಟರ್ ಕಾಡುವ ಪರಿ ಸಂಪರ್ಕ ಕಡಿಯುವುದೊಂದೇ ಅಲ್ಲ, ತಪ್ಪುಗಳು ಹೆಚ್ಚಿದಾಗ ರೀಡರ್ ತಾನೇ ಕೆಳಗಿನ ವೇಗಕ್ಕೆ ಇಳಿದುಬಿಡುತ್ತದೆ.

ಹಾಗೆಯೇ, ರೀಡರ್ ಓಡುವಾಗ ನಿಮ್ಮ ವೈರ್‌ಲೆಸ್ ಮೌಸ್ ತಡವರಿಸಿದರೆ ಮೌಸನ್ನು ಬೈಯಬೇಡಿ. ಯುಎಸ್‌ಬಿ 3.0 ಸಂಪರ್ಕ 2.4 ಗಿಗಾಹರ್ಟ್ಸ್ ಸುತ್ತಮುತ್ತ ಗದ್ದಲ ಹೊರಸೂಸುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿಟ್ಟಿದೆ. ಮೌಸಿನ ರಿಸೀವರನ್ನು ದೂರದ ಪೋರ್ಟಿಗೆ ಹಾಕಿದರೆ ಸರಿಹೋಗುತ್ತದೆ.

ಪ್ರಶ್ನೆ: 256 ಜಿಬಿ ಎಂದು ಕೊಂಡ ಕಾರ್ಡಿನಲ್ಲಿ ಮೊದಲ ಕೆಲವು ಫೈಲ್‌ಗಳು ಚೆನ್ನಾಗಿವೆ, ಆಮೇಲಿನವು ತೆರೆಯುವುದಿಲ್ಲ.

ಉತ್ತರ: ಇದು ನಕಲಿಯ ಲಕ್ಷಣ. ಒಳಗೆ ಸಣ್ಣ ಚಿಪ್ ಇಟ್ಟು ದೊಡ್ಡ ಗಾತ್ರ ಹೇಳುವಂತೆ ತಿರುಚಿರುತ್ತಾರೆ. ಜಾಗ ಮುಗಿದ ಮೇಲೆ ಬರೆದದ್ದು ಗಾಳಿಗೆ ಹೋಗುತ್ತದೆ ಅಥವಾ ಹಳೆಯದರ ಮೇಲೆಯೇ ಬೀಳುತ್ತದೆ. ಉಳಿದಿರುವ ಒಳ್ಳೆಯ ಫೈಲ್‌ಗಳನ್ನು ಮೊದಲು ಹೊರತೆಗೆದು, ಕಾರ್ಡ್ ಖಾಲಿ ಮಾಡಿ, ವಿಂಡೋಸ್‌ನಲ್ಲಿ ‘ಎಚ್2ಟೆಸ್ಟ್‌ಡಬ್ಲ್ಯೂ’, ಲಿನಕ್ಸ್ ಮತ್ತು ಮ್ಯಾಕ್‌ಗಳಲ್ಲಿ ‘ಎಫ್3’ ಓಡಿಸಿ. ಇವು ಕಾರ್ಡ್ ತುಂಬುವವರೆಗೆ ಬರೆದು, ಮತ್ತೆ ಓದಿ ತಾಳೆ ನೋಡುತ್ತವೆ. 256 ಜಿಬಿಗೆ ಗಂಟೆಗಟ್ಟಲೆ ಆಗುತ್ತದೆ, ರಾತ್ರಿ ಹಚ್ಚಿಟ್ಟು ಮಲಗಿ. ಹೊಸ ಕಾರ್ಡ್ ಯಾವುದೇ ಇರಲಿ, ಹಣ ಮರಳಿ ಪಡೆಯುವ ಅವಧಿ ಮುಗಿಯುವ ಮುಂಚೆ ಈ ಪರೀಕ್ಷೆ ಮಾಡಬೇಕು. 256 ಜಿಬಿಯ ಬದಲು 238 ಜಿಬಿ ಕಂಡರೆ ಅದು ಮೋಸವಲ್ಲ. ತಯಾರಕರು ಸಾವಿರದ ಲೆಕ್ಕದಲ್ಲಿ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುವುದರಿಂದ ಬರುವ ವ್ಯತ್ಯಾಸ.

ಪ್ರಶ್ನೆ: ಹಳೆಯ ರೀಡರ್ 32 ಜಿಬಿ ಕಾರ್ಡನ್ನು ಓದುತ್ತದೆ, 64 ಜಿಬಿ ಹಾಕಿದರೆ ಫಾರ್ಮ್ಯಾಟ್ ಮಾಡು ಎನ್ನುತ್ತದೆ.

ಉತ್ತರ: ಮಾಡಬೇಡಿ. 32 ಜಿಬಿವರೆಗಿನವು ಎಸ್‌ಡಿಎಚ್‌ಸಿ, ಅದರ ಮೇಲಿನವು 2 ಟಿಬಿವರೆಗೆ ಎಸ್‌ಡಿಎಕ್ಸ್‌ಸಿ. ನಿಮ್ಮ ರೀಡರ್‌ಗೆ ಎರಡನೆಯದರ ಪರಿಚಯವಿಲ್ಲ. ಕಾರ್ಡಿನ ಒಳಗಿರುವುದು ಸುರಕ್ಷಿತವಾಗಿದೆ, ಬೇರೆ ರೀಡರ್‌ನಲ್ಲಿ ತೆರೆಯುತ್ತದೆ.

ಪ್ರಶ್ನೆ: ಸಮಯ ಉಳಿಸಲು ಕಾಪಿ ಬದಲು ಕಟ್ ಮಾಡಿ ಪೇಸ್ಟ್ ಮಾಡುತ್ತೇನೆ. ಕೊನೆಗೆ ಅಳಿಸುವ ಕೆಲಸವೂ ಉಳಿಯುತ್ತದಲ್ಲ?

ಉತ್ತರ: ಉಳಿಯುವುದಿಲ್ಲ. ಕಟ್ ಎಂದರೆ ಕಾಪಿಯ ಜೊತೆಗೆ ಪ್ರತಿ ಫೈಲನ್ನೂ ಕಾರ್ಡಿನಿಂದ ಅಳಿಸುವ ಪುಟ್ಟ ಬರಹವೂ ಸೇರಿತು, ಅಷ್ಟೂ ನಿಧಾನ. ನಡುವೆ ರೀಡರ್ ಕಡಿದುಹೋದರೆ ಅರ್ಧ ಅಲ್ಲಿ, ಅರ್ಧ ಇಲ್ಲಿ. ಕಾಪಿ ಮಾಡಿ. ಮುಗಿದ ಮೇಲೆ ಎರಡೂ ಕಡೆ ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್ ಒಂದೇ ಇದೆಯೇ ನೋಡಿ. ಮದುವೆ, ಸಮಾರಂಭಗಳಂಥ ಮತ್ತೆ ಸಿಗದ ಚಿತ್ರಗಳಾದರೆ ‘ಟೆರಾಕಾಪಿ’ಯಂಥ ತಂತ್ರಾಂಶದ ‘ವೆರಿಫೈ’ ಆಯ್ಕೆಯಿಂದ ತಾಳೆ ನೋಡಿ. ಇನ್ನೊಂದು ಡಿಸ್ಕಿಗೆ ಎರಡನೆಯ ಪ್ರತಿ ಬೇಕಿದ್ದರೆ ಕಾರ್ಡಿನಿಂದ ಮತ್ತೆ ಇಳಿಸುವ ಬದಲು, ಹೀಗೆ ತಾಳೆ ನೋಡಿದ ಪ್ರತಿಯಿಂದಲೇ ಮಾಡಿಕೊಳ್ಳಿ, ಬೇಗ ಆಗುತ್ತದೆ. ಆಮೇಲೆ ಕಾರ್ಡನ್ನು ಕ್ಯಾಮೆರಾಗೆ ಹಾಕಿ ಅಲ್ಲಿ ಫಾರ್ಮ್ಯಾಟ್ ಕೊಟ್ಟರೆ ಸಾವಿರ ಫೋಟೊಗಳು ನಾಲ್ಕೈದು ಸೆಕೆಂಡಿನಲ್ಲಿ ಖಾಲಿ.